ಹಳೆಯ ಕಂಪ್ಯೂಟರಿನೊಳಗಿನ ಗಲಿಹ್

ಕೀಬೋರ್ಡಿನ ಸಂದುಗಳಲ್ಲಿ ಕೂತಿದ್ದ ಧೂಳನ್ನು ನಾನು ಸಣ್ಣ ಬ್ರಶ್ಶಿನಿಂದ ಗುಡಿಸುತ್ತಿದ್ದೆ. ಗಲಿಹ್ ಎದುರಿನ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಹೊರಗೆ ಮುಂತಿಲಾನ್ ಪೇಟೆಯ ರಸ್ತೆಯಲ್ಲಿ ಮರಳಿನ ಲಾರಿ ಹೋದಾಗಲೆಲ್ಲ ಮೇಜಿನ ಮೇಲಿನ ಮದುವೆ ಪತ್ರಿಕೆಗಳ ಕಟ್ಟು ಸಣ್ಣಗೆ ನಡುಗುತ್ತಿತ್ತು.

"ಆ ಒಂದು ಕೀಗೆ ಇದು ನಾಲ್ಕನೇ ಸಲ," ಅಂದ ಅವನು ಕೊನೆಗೆ. "ಸವೆದು ಹೋಗುತ್ತೆ, ಪಾಪ."

ನಾನು ತಲೆ ಎತ್ತಲಿಲ್ಲ. ಕಿವಿ ಮಾತ್ರ ಬಿಸಿಯಾಯಿತು.

ಗಲಿಹ್ ಕಂಪ್ಯೂಟರ್ ರಿಪೇರಿಯವನು. ನಮ್ಮ ಪ್ರೆಸ್ಸಿನ ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಬೇಕೋ ಬೇಡವೋ ಎಂದು ಮೂರು ತಿಂಗಳಿಂದ ಪ್ರತಿ ಶನಿವಾರ ಬಂದು ಕೇಳುತ್ತಿದ್ದ. ಹಾಕದಿದ್ದರೆ ಹೊಸ ಪ್ರಿಂಟರ್ ನಡೆಯುವುದಿಲ್ಲ. ಪ್ರೆಸ್ಸಿನ ಒಡತಿ ಬು ಹರ್ಜಾಂತಿ, "ಅದರ ಮುಂದೆ ಕೂರೋಳು ಸುಲಿಸ್. ಅವಳೇ ಹೇಳ್ಲಿ" ಎಂದು ನನಗೇ ಬಿಟ್ಟಿದ್ದರು. ನಾನು ಪ್ರತಿ ವಾರ "ಮುಂದಿನ ವಾರ ನೋಡೋಣ ಮಾಸ್" ಅನ್ನುತ್ತಿದ್ದೆ. ಮಾಸ್ ಅನ್ನುವುದು ನಮ್ಮಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವ ರೀತಿ. ಹಾಕಿಬಿಟ್ಟರೆ ಅವನು ಇಲ್ಲಿಗೆ ಬರಲು ಕಾರಣವೇ ಉಳಿಯುತ್ತಿರಲಿಲ್ಲ.

ಈ ಶನಿವಾರ ನಾನೇ ಹೇಳಿದೆ: "ಇವತ್ತೇ ಹಾಕಿ. ಒಳಗಿರೋದೆಲ್ಲ ಅಳಿಸಿ ಹಾಕಿ."

ಅವನ ತುಟಿಯ ಮೇಲಿನ ನಗು ಅರ್ಧಕ್ಕೆ ನಿಂತಿತು. "ಯಾಕೆ, ನನ್ನ ಮುಖ ನೋಡಿ ಸಾಕಾಯ್ತಾ?"

"ನಿಮ್ಮ ಮುಖಾನೇ ಮಾಸ್," ಎಂದು ಸ್ಕ್ರೀನ್ ಅವನ ಕಡೆ ತಿರುಗಿಸಿದೆ.

ನಮ್ಮಲ್ಲಿ ಎರಡೇ ಕೆಲಸ. ಮದುವೆ ಪತ್ರಿಕೆ, ಮತ್ತೆ ತೀರಿಕೊಂಡವರ ನಲವತ್ತನೆಯ ದಿನ ಹಂಚುವ ಯಾಸಿನ್ ಪ್ರಾರ್ಥನೆಯ ಪುಸ್ತಕ. ಯಾವುದನ್ನೂ ಹೊಸದಾಗಿ ಮಾಡುವುದಿಲ್ಲ. ಹಿಂದಿನವರ ಫೈಲ್ ತೆರೆದು, ಹೆಸರು ಅಳಿಸಿ, ಮುಂದಿನವರ ಹೆಸರು ಬರೆಯುತ್ತೇವೆ. ಸ್ಕ್ರೀನಿನ ಮೇಲಿದ್ದದ್ದು ಯಾಸಿನ್ ಪುಸ್ತಕದ ಮೊದಲ ಪುಟ. ಗಲಿಹ್ ಪ್ರಸೆತ್ಯೊ ಎಂಬ ಹೆಸರು. ಮೇಲೆ ಅವನ ಫೋಟೋ. ಕೆಳಗೆ, ತೀರಿಕೊಂಡ ದಿನ ಬರೆಯುವ ಜಾಗದಲ್ಲಿ, ಬರುವ ಬುಧವಾರದ ತಾರೀಕು.

"ಸೋಮವಾರದಿಂದ ಮೂರು ಸಲ ಅಳಿಸಿದೀನಿ. ಬೆಳಿಗ್ಗೆ ಬಂದು ನೋಡಿದ್ರೆ ಮತ್ತೆ ಇರುತ್ತೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕ. ಬೆರಳ ಸಂದಿಯಿಂದ ನನ್ನನ್ನು ನೋಡಿದ.

"ಅಯ್ಯೋ, ಅದು ನಾನೇ ಸುಲಿಸ್! ಹೋದ ಶನಿವಾರ ನೀನು ನಮಾಜಿಗೆ ಎದ್ದು ಹೋದಾಗ ಬರೆದೆ. ಮದುವೆ ಪತ್ರಿಕೆ ಅಂದ್ಕೊಂಡೆ. ಎರಡಕ್ಕೂ ಅದೇ ಚಿನ್ನದ ಹೂವಿನ ಅಂಚು ಹಾಕ್ತೀರ, ನಂಗೇನು ಗೊತ್ತು? ನಿನ್ನ ಹೆಸರು ಬರೆಯೋ ಅಷ್ಟರಲ್ಲಿ ನೀನು ಬಂದ್ಬಿಟ್ಟೆ."

"ನನ್ನ ಹೆಸರಾ?"

"ಮತ್ತೆ ಬು ಹರ್ಜಾಂತಿದಾ?" ಅವನ ಧ್ವನಿ ಮೆತ್ತಗಾಯಿತು. "ಬುಧವಾರ ಅಪ್ಪ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಹೆಣ್ಣು ಕೇಳೋಕೆ ಬರ್ತೀನಿ. ನಮ್ಮಿಬ್ಬರ ಹುಟ್ಟಿದ ದಿನ ಕೂಡಿಸಿ ಮಾವ ತೆಗೆದ ದಿನ ಅದು. ಈ ವರ್ಷ ಬೇರೆ ದಿನವೇ ಇಲ್ವಂತೆ."

"ನನ್ನ ಹುಟ್ಟಿದ ದಿನ ನಿಮಗೆ ಯಾರು ಹೇಳಿದ್ರು?"

"ಕಂಪ್ಯೂಟರ್ ಪಾಸ್‌ವರ್ಡ್ ಏನಿಟ್ಟಿದೀಯ?"

ಮೂರು ತಿಂಗಳಿಂದ ಕಾದಿದ್ದ ಮಾತು ಕೊನೆಗೂ ನನ್ನ ಕಿವಿಗೆ ಬಿದ್ದಿತ್ತು. ನಗು ಗಂಟಲವರೆಗೆ ಬಂತು. ಆದರೆ ಕಣ್ಣು ಸ್ಕ್ರೀನಿನಿಂದ ಕದಲಲಿಲ್ಲ.

"ಫೋಟೋ ಎಲ್ಲಿಂದ ತಂದ್ರಿ ಮಾಸ್?"

ಅವನು ಬಾಗಿ ನೋಡಿದ. "ಫೋಟೋ ನಾನು ಹಾಕ್ಲಿಲ್ಲ. ಹೆಸರು ಬರೆದದ್ದೂ ಅದೊಂದೇ ಸಲ."

ಫೋಟೋದಲ್ಲಿ ಅವನು ಕಂದು ಗೆರೆಯ ಕೈಮಗ್ಗದ ಅಂಗಿ ತೊಟ್ಟಿದ್ದ. ಗಲಿಹ್ ಆ ಕಾಲರಿನ ಮೇಲೆ ಬೆರಳಿಟ್ಟವನು ಸುಟ್ಟವನಂತೆ ಹಿಂದಕ್ಕೆಳೆದುಕೊಂಡ.

"ಈ ಅಂಗಿ ಬುಧವಾರಕ್ಕೆ ಅಂತ ಹೊಲಿಯೋಕೆ ಕೊಟ್ಟಿದ್ದು. ಇನ್ನೂ ಟೈಲರ್ ಹತ್ರ ಇದೆ. ತೋಳು ಕೂಡ ಹಚ್ಚಿಲ್ಲ."

ಪತ್ರಿಕೆಗಳ ಕಟ್ಟು ನಡುಗಿತು. ರಸ್ತೆಯಲ್ಲಿ ಲಾರಿ ಇರಲಿಲ್ಲ.

"ಅಳಿಸಿಬಿಡೋಣ," ಅಂದ.

"ಅಳಿಸಿದ್ರೆ ಹೋಗೋದು ಪುಟ ಮಾತ್ರಾನಾ ಮಾಸ್?"

"ಮತ್ತೆ ಹಾಗೇ ಬಿಡೋಣ್ವಾ?"

ಬುಧವಾರಕ್ಕೆ ನಾಲ್ಕು ದಿನ ಇತ್ತು. ಬಿಡುವ ಧೈರ್ಯವೂ ನನಗಿರಲಿಲ್ಲ. "ಹೊಸ ವಿಂಡೋಸ್ ಹಾಕಿ," ಅಂದೆ.

ಒಳಗೆ ಕಾಗದ ಕತ್ತರಿಸುತ್ತಿದ್ದ ಬು ಹರ್ಜಾಂತಿಗೆ ಆ ಒಂದು ಮಾತು ಕೇಳಿಸಿತೇನೋ. "ಸತ್ತೋರ ಹೆಸರೆಲ್ಲ ಹದಿನಾಲ್ಕು ವರ್ಷದಿಂದ ಹೊತ್ತಿದೆ ಅದು," ಎಂದು ಕೂಗಿದರು. "ಸುಮ್ಮನೆ ಮುಟ್ಟಬೇಡ್ರೋ. ಅಪ್ಪಣೆ ಕೇಳಿ ಮಾಡಿ!"

ಮರ ಕಡಿಯುವಾಗ, ಬಾವಿ ಮುಚ್ಚುವಾಗ ಅಲ್ಲಿ ನೆಲೆಸಿರುವ ಕಾಣದವರನ್ನು ನಮ್ಮಲ್ಲಿ ಹಾಗೆ ಕೇಳುತ್ತಾರೆ. ಬೇರೆ ದಿನವಾಗಿದ್ದರೆ ಗಲಿಹ್ ತಮಾಷೆ ಮಾಡುತ್ತಿದ್ದ. ಇವತ್ತು ಪೆನ್‌ಡ್ರೈವ್ ಚುಚ್ಚಿ, ಎಂಟರ್ ಕೀಯ ಮೇಲೆ ಬೆರಳಿಟ್ಟು, "ನೀನೇ ಕೇಳು," ಅಂದ. "ನಿನ್ನ ಮಾತಾದ್ರೆ ಕೇಳ್ಬಹುದು."

ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟೆ. ಜ್ವರ ಬಂದವರ ಬೆನ್ನಿನಂತೆ ಬೆಚ್ಚಗಿತ್ತು. ಸ್ಕ್ರೀನಿನೊಳಗಿನ ಗಲಿಹ್ ನನ್ನನ್ನು ನೋಡುತ್ತಿದ್ದ. ಪಕ್ಕದಲ್ಲಿದ್ದ ಗಲಿಹ್ ಕೂಡ. ಯಾರ ರೆಪ್ಪೆ ಮೊದಲು ಬಡಿಯಿತೋ ನನಗೆ ತಿಳಿಯಲಿಲ್ಲ.

"ಇವರನ್ನ ನನಗೆ ಬಿಟ್ಕೊಡಿ," ಅಂದೆ.

ಕಾದೆ. ಇನ್ನೂ ಸ್ವಲ್ಪ ಗಟ್ಟಿಯಾಗಿ ಅಂದೆ.

"ಬಿಟ್ಕೊಡಿ."