ಆರು ತುಂಡು ಬಿಳಿ ಬಟ್ಟೆ

"ಬಟ್ಟೆ ನಾನೇ ತಂದಿದ್ದೀನಿ," ಎಂದಳು ಅವಳು, ಗ್ಯಾರೇಜಿನ ಬಾಗಿಲಲ್ಲೇ ನಿಂತು. "ನಿಮ್ಮದು ಬೇಡ."

ಮೆಕ್ಯಾನಿಕ್ ತನ್ನ ಕೈಯಲ್ಲಿದ್ದ ಚಿಂದಿಯನ್ನು ನೋಡಿದ. ತಾನು ಹುಟ್ಟಿದಾಗ ಯಾವ ಬಣ್ಣದಲ್ಲಿದ್ದೆ ಎಂಬುದು ಆ ಚಿಂದಿಗೇ ಮರೆತುಹೋಗಿತ್ತು.

"ಅಷ್ಟೊಂದು ಅಪನಂಬಿಕೇನಾ ಮೇಡಂ?"

"ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ನಾನು. ಮಜ್ಜಿಗೇನೂ ಊದ್ತೀನಿ."

ಸುಟ್ಟುಕೊಂಡದ್ದು ನಿಜ. ಅವಳ ಕಾರು ಆಟೋಮ್ಯಾಟಿಕ್. ಗೇರ್‌ಬಾಕ್ಸ್ ಕೆಟ್ಟಾಗ ಬೇರೊಂದು ಗ್ಯಾರೇಜಿನವರು ಹೊಸದನ್ನು ಕೂರಿಸಿಕೊಟ್ಟಿದ್ದರು. ಮೂರೇ ವಾರಕ್ಕೆ ಅದೂ ಕಣ್ಣು ಮುಚ್ಚಿತು. ಯಾಕೆ ಎಂದು ಬಿಡಿಸಿ ಹೇಳಿದವನು ಈ ಮೆಕ್ಯಾನಿಕ್ ಒಬ್ಬನೇ.

"ಬಿಸಿಯಾದ ಆಯಿಲ್ ಈ ಪೈಪಲ್ಲಿ ಮುಂದಿರೋ ಕೂಲರ್‌ಗೆ ಹೋಗುತ್ತೆ, ತಣ್ಣಗಾಗಿ ಆ ಪೈಪಲ್ಲಿ ವಾಪಸ್ ಬರುತ್ತೆ. ಮೊದಲನೇ ಗೇರ್‌ಬಾಕ್ಸ್ ಸಾಯುವಾಗ ಉದುರಿಸಿದ ಲೋಹದ ಪುಡಿ ಎಲ್ಲಾ ಅಲ್ಲೇ ಕೂತಿತ್ತು. ಅವರು ತೊಳೀಲೇ ಇಲ್ಲ. ಹೊಸದು ಬಂದು ಅದನ್ನೇ ಕುಡೀತು."

"ಹಳೇ ಸೊಸೆ ಬಿಟ್ಟುಹೋದ ಜಗಳ ಹೊಸ ಸೊಸೆ ತಲೆಗೆ ಬಂದ ಹಾಗೆ," ಎಂದು ಮೂಲೆಯ ಮೇಜಿನಿಂದ ಮಾತು ತೇಲಿ ಬಂತು. ಗ್ಯಾರೇಜು ಮೆಕ್ಯಾನಿಕ್‌ನ ಅಕ್ಕನದು. ಅವಳ ಕಣ್ಣು ಬಿಲ್ ಪುಸ್ತಕದ ಮೇಲಿದ್ದರೂ ಕಿವಿ ಮಾತ್ರ ಎಲ್ಲೆಡೆಯೂ ಇರುತ್ತಿತ್ತು.

ಅವನು ಪೈಪಿನೊಳಗೆ ತೊಳೆಯುವ ದ್ರವವನ್ನು ಉಲ್ಟಾ ದಿಕ್ಕಿನಲ್ಲಿ ಹಾಯಿಸಿದ. ಆಮೇಲೆ ಗಾಳಿ ಹೊಡೆದ. ಕೊನೆಯ ಹನಿಗಳು ಅವಳು ಹಿಡಿದ ಬಿಳಿ ಬಟ್ಟೆಯ ಮೇಲೆ ಉಗುಳಿದಂತೆ ಬಿದ್ದವು. ಕಪ್ಪು ಕಲೆ; ಅದರೊಳಗೆ ಬೆಳ್ಳಿ ಪುಡಿ. ನೋಡಲು ಇಬ್ಬರೂ ಬಾಗಿದರು. ಅವನ ರೆಪ್ಪೆಯ ಮೇಲೂ ಒಂದು ಕಣ ಮಿನುಗುತ್ತಿತ್ತು.

"ಚೆನ್ನಾಗಿದೆ," ಎಂದುಬಿಟ್ಟಳು.

"ಏನು?"

"ಅಂದ್ರೆ... ಕೊಳೆ. ಚೆನ್ನಾಗಿ ಬಂದಿದೆ."

"ಇವತ್ತು ನೆನೆಯೋಕೆ ಬಿಡ್ತೀನಿ," ಎಂದ ಅವನು, ನಗು ನುಂಗಿಕೊಂಡು. "ನಾಳೆ ಬನ್ನಿ. ಬಟ್ಟೆ ಮರೀಬೇಡಿ."

ಅವಳು ಮರೆಯುವವಳಲ್ಲ. ಮುದ್ರಣಾಲಯದಲ್ಲಿ ಹನ್ನೊಂದು ವರ್ಷದಿಂದ ಪ್ರೂಫ್ ತಿದ್ದುವವಳು. ಮನೆಗೆ ಹೋಗಿ ಬಟ್ಟೆಯನ್ನು ಒಣಗಿಸಿ, ಮೂಲೆಯಲ್ಲಿ ಪೆನ್ಸಿಲ್‌ನಿಂದ ಫಲಿತಾಂಶ ಬರೆದು ಲಕೋಟೆಯಲ್ಲಿಟ್ಟಳು. ಎರಡನೆಯ ದಿನವೂ ಊಟದ ಬಿಡುವಿನಲ್ಲಿ ಹಾಜರಾದಳು. ಕೊಳೆ ಕಡಿಮೆಯಾಗಿತ್ತು.

ಮೂರನೆಯ ದಿನ ಬಟ್ಟೆಯ ಮೇಲೆ ಬರೀ ದ್ರವದ ಒದ್ದೆ. ಒಂದು ಕಣವೂ ಇಲ್ಲ. ಬಿಸಿಲಿಗೆ ಹಿಡಿದರೂ ಇಲ್ಲ.

ಅವಳು ಬಟ್ಟೆಯನ್ನು ಮೆಲ್ಲಗೆ ಕೆಳಗಿಳಿಸಿದಳು. ಪೈಪು ಸ್ವಚ್ಛವಾಯಿತೆಂದರೆ ಗೇರ್‌ಬಾಕ್ಸ್ ಕೂರುತ್ತದೆ, ಕಾರು ಹೊರಡುತ್ತದೆ. ಆಮೇಲೆ ಯಾವ ನೆಪ ಹೇಳಿಕೊಂಡು ಈ ಬಾಗಿಲು ದಾಟುವುದು? ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವುದೇ? ಒಂದು ಅಲ್ಪವಿರಾಮಕ್ಕೆ ಹತ್ತು ನಿಮಿಷ ಯೋಚಿಸುವವಳು ಅವಳು.

ಮೆಕ್ಯಾನಿಕ್ ಬಟ್ಟೆಯನ್ನು ಬಹಳ ಹೊತ್ತು ನೋಡಿದ. ತಿರುಗಿಸಿ ನೋಡಿದ. "ಇಲ್ಲೊಂದು ಚುಕ್ಕೆ ಇದೆ ಅಲ್ವಾ ಮೇಡಂ?"

ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲೂ ಬಿಟ್ಟುಹೋದ ಒತ್ತು ಹಿಡಿಯುವ ಆ ಕಣ್ಣುಗಳು ಖಾಲಿ ಬಟ್ಟೆಯನ್ನು ದಿಟ್ಟಿಸಿದವು.

"ಹೂಂ... ಇರೋ ಹಾಗಿದೆ."

"ಹಾಗಾದ್ರೆ ನಾಳೆ?"

"ನಾಳೆ."

ನಾಲ್ಕನೆಯ ದಿನವೂ ಚುಕ್ಕೆ ಕಂಡಿತು. ಐದನೆಯ ದಿನ ಅವನು ನೀಲಿ ಅಂಗಿಯನ್ನು ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದ. ಚುಕ್ಕೆ ಆಗಲೂ ಕಂಡಿತು.

"ಲೋ, ಆ ಪೈಪಲ್ಲಿ ಕುಡಿಯೋ ನೀರು ತರ್ತೀಯೇನೋ?" ಎಂದಳು ಅಕ್ಕ. "ಇನ್ನೂ ತೊಳೆದ್ರೆ ಪೈಪೇ ಸವೆದು ಹೋಗುತ್ತೆ. ನಾಳೆ ಸಂಜೆ ಕಾರು ಎತ್ತೋ ಲಿಫ್ಟ್ ಖಾಲಿ ಆಗ್ಬೇಕು. ಬೇರೆ ಗಾಡಿಗೆ ಮಾತು ಕೊಟ್ಟಿದ್ದೀನಿ."

ಆರನೆಯ ದಿನ ಅವಳು ಆರನೆಯ ತುಂಡಿನ ಮಡಿಕೆ ಬಿಚ್ಚುವ ಮೊದಲೇ ಅಕ್ಕ ಎದ್ದು ಬಂದಳು. "ಏನಮ್ಮಾ, ಇಷ್ಟು ದಿನದ ಬಟ್ಟೆಗಳನ್ನ ಕೊಡು. ಅದೇನು ಚುಕ್ಕೆಯೋ ನಾನೂ ನೋಡ್ತೀನಿ."

ಕೇಳಿದ್ದನ್ನು ಕೊಟ್ಟು ಅಭ್ಯಾಸ, ಚೀಲದಲ್ಲಿದ್ದ ಲಕೋಟೆ ಕೊಟ್ಟುಬಿಟ್ಟಳು. ಕೊಟ್ಟ ಮೇಲೆ ಮೂಲೆಯಲ್ಲಿ ಬರೆದದ್ದು ನೆನಪಾಯಿತು. ಬಾಯಲ್ಲಿ ಸುಳ್ಳು ಹೇಗೋ ಬಂದಿತ್ತು, ಆದರೆ ಪೆನ್ಸಿಲ್ ಹಿಡಿದ ಕೈಗೆ ಬರುವುದಿಲ್ಲ. ಕಸಿದುಕೊಳ್ಳಲು ಕೈ ಚಾಚಿದಳು. ಹೊತ್ತು ಮೀರಿತ್ತು.

ಅಕ್ಕ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು. "ಒಂದನೇ ದಿನ, ವಿಪರೀತ ಕೊಳೆ. ಎರಡನೇ ದಿನ, ಸ್ವಲ್ಪ ಪುಡಿ. ಮೂರನೇ ದಿನ, ಪೂರ್ತಿ ಸ್ವಚ್ಛ."

ಕನ್ನಡಕದ ಮೇಲಿಂದ ತಮ್ಮನನ್ನು ನೋಡಿದಳು. ತಮ್ಮ ಸ್ಪ್ಯಾನರ್ ನೋಡಿದ.

"ನಾಲ್ಕನೇ ದಿನ, ಸ್ವಚ್ಛ. ಐದನೇ ದಿನ, ಸ್ವಚ್ಛ. ನೀಲಿ ಅಂಗಿ." ಅಕ್ಕ ತಡೆದಳು. "ನೀಲಿ ಅಂಗಿ ಪೈಪಲ್ಲಿ ಸಿಕ್ತೇನಮ್ಮಾ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಗ್ಯಾರೇಜಿನ ನೆಲ ಗಟ್ಟಿ ಕಾಂಕ್ರೀಟಿನದು, ಮಿಸುಕಲಿಲ್ಲ.

"ನಾನು ಒಳಗೆ ಹೋಗಿ ಫೋನ್ ಮಾಡಿ ಬರ್ತೀನಿ," ಎಂದಳು ಅಕ್ಕ, ಲಕೋಟೆಯನ್ನು ಮೇಜಿನ ಮೇಲಿಟ್ಟು. "ಇನ್ನೊಂದ್ಸಲ ಆ ಪೈಪ್ ತೊಳೆದ್ರೆ ನಿಮ್ಮಿಬ್ಬರನ್ನೂ ತೊಳೆದು ಒಣಗಿಹಾಕ್ತೀನಿ."

ಬಾಗಿಲು ಮುಚ್ಚಿತು. ಎಲ್ಲೋ ಒಂದು ಹನಿ ತಟಕ್ಕನೆ ಬಿತ್ತು.

"ಮೂರನೇ ದಿನಾನೇ ಗೊತ್ತಿತ್ತಾ?" ಎಂದ ಅವನು, ಸ್ಪ್ಯಾನರಿಗೆ.

"ತಪ್ಪು ಹುಡುಕೋದೇ ನನ್ನ ಕೆಲಸ ರೀ."

"ಮತ್ತೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕಾರು ಕೊಟ್ಟುಬಿಡ್ತಿದ್ರಿ."

"ನಾನು ಹೇಳಿದ್ರೆ ನೀವು ತಗೊಂಡು ಹೋಗ್ಬಿಡ್ತಿದ್ರಿ."

ಇಬ್ಬರ ನಗುವೂ ಒಟ್ಟಿಗೆ ಬಂತು, ಒಟ್ಟಿಗೇ ನಿಂತಿತು.

"ಸಂಜೆಯೊಳಗೆ ಗೇರ್‌ಬಾಕ್ಸ್ ಕೂರಿಸ್ತೀನಿ," ಎಂದ ಮೆಲ್ಲಗೆ. "ಈ ಸಲ ಕೆಡಲ್ಲ. ಅದೇ ತೊಂದರೆ. ಇನ್ನು ನೀವು ಬರೋಕೆ ಕಾರಣಾನೇ ಇರಲ್ಲ."

ಅವಳು ಹತ್ತು ನಿಮಿಷ ಯೋಚಿಸಲಿಲ್ಲ. "ಕಾರಣ ಇಲ್ದೆ ಬಂದ್ರೆ ಒಳಗೆ ಬಿಡಲ್ವಾ?"

ಅವನ ಮುಖ ಕಿವಿಯವರೆಗೂ ಕೆಂಪಾಯಿತು. ಏನು ಮಾಡಬೇಕೆಂದು ತೋಚದೆ ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿಕೊಂಡ ಮೇಲೆ ನೋಡಿದ. ಆರನೆಯ ತುಂಡು! ಐದು ಬೆರಳೂ ಅಚ್ಚೊತ್ತಿದ್ದವು.

"ಅಯ್ಯೋ ಮೇಡಂ! ಒಗೆದು ತರ್ತೀನಿ."

ಅವಳು ಬಿಡಲಿಲ್ಲ, ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಪೆನ್ಸಿಲ್ ತೆಗೆದು ಮೂಲೆಯಲ್ಲಿ ಬರೆದಳು: "ಆರನೇ ದಿನ, ಕಲೆ ಇದೆ." ಸ್ವಲ್ಪ ತಡೆದು, ಯಾರೋ ಅವಸರದಲ್ಲಿ ಹೊಡೆದುಹಾಕಿದ ಒಳ್ಳೆಯ ಪದವನ್ನು ಉಳಿಸಬೇಕಾದಾಗ ಪ್ರೂಫಿನ ಅಂಚಿನಲ್ಲಿ ಬರೆಯುವ ಮಾತನ್ನೇ ಅದರ ಮುಂದೆ ಸೇರಿಸಿದಳು:

"ಇರಲಿ."