ಬಾನೆಟ್ ಮೇಲೆ ಮಲಗಿದ ಬೆಕ್ಕು

ಪೂರ್ತಿ ಬಿಚ್ಚಿ ಕಟ್ಟಿದ ಇಂಜಿನ್ನನ್ನು ನಾನು ಅದೇ ದಿನ ಚಾಲೂ ಮಾಡುವುದಿಲ್ಲ. ಇಂಜಿನ್ನಿನ ಸಂದು ಮುಚ್ಚುವ ಗ್ಯಾಸ್ಕೆಟ್‌ಗೆ ಹಚ್ಚಿದ ಗಮ್ ಒಂದು ರಾತ್ರಿ ಒಣಗಬೇಕು. ಕಮತಗಿಯ ನನ್ನ ಗ್ಯಾರೇಜಿನಲ್ಲಿ ಯಾರು ಬಂದು ಕೇಳಿದರೂ ಇದು ಬದಲಾಗುವುದಿಲ್ಲ.

ದಾನೇಶ್ವರಿ ಅಕ್ಕ, ತೀರಿಹೋದ ಗಂಡ ಓಡಿಸುತ್ತಿದ್ದ ಡೀಸೆಲ್ ಕಾರನ್ನು ಇನ್ನು ತಾವೇ ಬಾಡಿಗೆಗೆ ಓಡಿಸುವುದಾಗಿ ಹಟ ಹಿಡಿದಿದ್ದರು. ಅದರ ಇಂಜಿನ್ನನ್ನು ಅವತ್ತಷ್ಟೇ ಕಟ್ಟಿ ಮುಗಿಸಿದ್ದೆ.

"ಇವತ್ತ ಚಾಲೂ ಮಾಡಿಬಿಡಪಾ ಜುಬೇರ. ನಾಳೆ ಮಹಾಕೂಟಕ್ಕ ಮೊದಲನೇ ಬಾಡಿಗಿ ಐತಿ."

"ಆಗೂದಿಲ್ರಿ ಅಕ್ಕಾ. ಹಸಿ ಗಮ್ ಬಿಟ್ಟು ಆಯಿಲ್ ಸೋರಿತಂದ್ರ ಇಂಜಿನ್ ಹಾಳಾಗತೈತಿ. ಮುಂಜಾನೆ ಬರ್ರಿ."

ಹೊಸ ಆಯಿಲ್ ಹಾಕಿ, ಬ್ಯಾಟರಿ ಬಿಚ್ಚಿ ಚಾರ್ಜಿಗೆಂದು ಮನೆಗೆ ಒಯ್ದೆ.

ಬೆಳಿಗ್ಗೆ ಶಟರ್ ಎತ್ತಿದರೆ ಗ್ಯಾರೇಜಿನ ಬೆಕ್ಕು ಬಾನೆಟ್ ಮೇಲೆ ಮಲಗಿತ್ತು. ಚಳಿಗಾಲದಲ್ಲಿ ಅದು ಆಗತಾನೇ ಓಡಿ ಬಂದ ಗಾಡಿಯ ಮೇಲೆ ಮಾತ್ರ ಮಲಗುತ್ತದೆ. ಕೈಯಿಟ್ಟು ನೋಡಿದೆ, ಬಾನೆಟ್ ಬಿಸಿಯಾಗಿತ್ತು. ಒಳಗೆಲ್ಲ ಡೀಸೆಲ್ ಹೊಗೆಯ ವಾಸನೆ. ಆಯಿಲ್ ಅಳೆಯುವ ಕಡ್ಡಿ ಎಳೆದರೆ, ನಿನ್ನೆ ಜೇನಿನ ಬಣ್ಣಕ್ಕಿದ್ದ ಆಯಿಲ್ ಬಹಳ ದೂರ ಓಡಿದ ಗಾಡಿಯದರಂತೆ ಡಾಂಬರಿನಷ್ಟು ಕಪ್ಪಾಗಿತ್ತು. ಮನೆಯಿಂದ ತಂದ ಬ್ಯಾಟರಿ ಇನ್ನೂ ಹೊರಗೆ ನನ್ನ ಸ್ಕೂಟರಿನ ಮೇಲೇ ಇತ್ತು.

ಅಷ್ಟರಲ್ಲಿ ಬಂದ ಅಕ್ಕ ಆ ಕಡ್ಡಿಯನ್ನು ಕೈಗೆ ತೆಗೆದುಕೊಂಡು ನೋಡಿದರು.

"ಈ ಆಯಿಲ್ ಇಳಿಸಿ ಬ್ಯಾರೆ ಹಾಕು," ಎಂದು ನನಗೆ ಹೇಳಿ, ಖಾಲಿ ಡ್ರೈವರ್ ಸೀಟಿನ ಕಡೆ ತಿರುಗಿದರು. " ಈಗ ಈ ಗಾಡಿ ನಂದು. ನಾನ ಹೊಡಿಯಾಕಿ."

ಹಾಗೇ ಮಾಡಿ, ಬ್ಯಾಟರಿ ಕೂಡಿಸಿದೆ. ಸೆಲ್ಫ್ ಹೊಡೆದ ಕೂಡಲೇ ಇಂಜಿನ್ ಎದ್ದಿತು. ಅಕ್ಕ ತಿರುಗಿ ನೋಡದೆ ಹೊರಟರು. ಗಾಡಿ ಇವತ್ತಿಗೂ ಒಂದು ತಕರಾರಿಲ್ಲದೆ ಓಡುತ್ತಿದೆ.

ಇಳಿಸಿದ ಕರಿ ಆಯಿಲ್‌ನ ಡಬ್ಬಿ ಗ್ಯಾರೇಜಿನ ಮೂಲೆಯಲ್ಲೇ ಇದೆ. ಮತ್ತೆ ಚಳಿಗಾಲ ಬಂದಿದೆ. ಓಡಿ ಬಂದ ಗಾಡಿಗಳು ಎಷ್ಟು ನಿಂತಿದ್ದರೂ, ಬೆಕ್ಕು ಈಗ ಆ ಡಬ್ಬಿಯ ಮೇಲೆಯೇ ಮಲಗುತ್ತದೆ.