ಇಂದ್ರವ್ವನ ಸಂಕಟ

ನನ್ನ ಕಾಲು ನೆಲದ ಮೇಲೆ ಇರಲಿಲ್ಲ!

ಕಾಲರ್ ಮುರಗೆಪ್ಪನ ಮುಷ್ಟಿಯಲ್ಲಿತ್ತು. ಬೆನ್ನು ಕ್ಯಾಶುಯಲ್ಟಿಯ ಗೋಡೆಗೆ ಅಂಟಿತ್ತು. ಮುರಗೆಪ್ಪ ಗರಡಿಯಲ್ಲಿ ಬೆಳೆದ ಪೈಲ್ವಾನ. ನಾನು ಚಹಾದಲ್ಲಿ ಬೆಳೆದವನು.

"ನಮ್ಮವ್ವಗ ಏನಾರ ಆತಂದ್ರ... ನಿನ್ನ ಇಲ್ಲೇ ಹುಗೀತೇನಿ!"

"ಹುಗೀರಿ ಅಣ್ಣಾರ... ಮೊದ್ಲ ಇಳಸ್ರಿ. ಉಸರ ಬರವಲ್ದು!"

ನನ್ನ ಹೆಸರು ಯಲ್ಲಾಲಿಂಗ. ಮುಧೋಳದ ಒಂದು ದೊಡ್ಡ ಆಸ್ಪತ್ರೆಗೆ ಬೇಕಾದವನು. ಯಾವ ಆಸ್ಪತ್ರೆ? ಕೇಳಬೇಡಿ. ಅಲ್ಲಿ ರೋಗಿ ಸತ್ತರೆ, ಕಿಟಕಿಗೆ ಕಲ್ಲು ಬೀಳುವ ಮೊದಲು ನಾನು ಬೀಳುತ್ತೇನೆ... ಮನೆಯವರ ಕಾಲಿಗೆ! ಸಮಾಧಾನ ಮಾಡುತ್ತೇನೆ. ಅದೇ ನನ್ನ ದಂಧೆ.

ಅವತ್ತು ಮಧ್ಯಾಹ್ನ ಮ್ಯಾನೇಜರ್ ಗೋಪಾಲರಾಯರ ಫೋನ್ ಬಂತು. ಮುಖ ಸಪ್ಪಗೆ ಮಾಡಿಕೊಂಡು ಓಡಿದೆ. ನೋಡಿದರೆ...

ಹೆಣ ಎದ್ದು ಕೂತಿತ್ತು!

ಮುರಗೆಪ್ಪನ ತಾಯಿ ಇಂದ್ರವ್ವ. ತಿಮ್ಮಾಪುರದವಳು. ಜೀವಂತ!

"ರಾಯರ, ಇನ್ನಾ ಏನೂ ಆಗಿಲ್ಲಲ್ರೀ?"

"ಅದಕ್ಕ ಕರದೇನಿ. ಮನಿಗೆ ಹೋಗ್ರಿ ಅಂದ್ರ ಹೋಗವಲ್ರು. ಸಮಾಧಾನ ಮಾಡಿ ಕಳಸು."

ಮುರಗೆಪ್ಪನ ಎದುರು ನಿಂತೆ. ಅಭ್ಯಾಸಬಲ ನೋಡಿ... "ಆದದ್ದು ಆತು, ಧೈರ್ಯ ತಗೋರಿ" ಅಂತ ಬಾಯಿ ಜಾರಿತು.

ಆಮೇಲಿನದು ನಿಮಗೆ ಗೊತ್ತು. ಕಾಲರ್!

ಬಿಡಿಸಿದವಳು ಅವನ ಹೆಂಡತಿ ವೈಶಾಲಿ. "ಬಿಡ್ರಿ, ಅಂವನೂ ಒಬ್ಬಾಕಿ ಹಡದ ಮಗಾನ ಅದಾನ." ಅತ್ತೆಗೆಂದು ತಂದ ನೀರಿನಲ್ಲಿ ನನಗೂ ಒಂದು ಗುಟುಕು ಕೊಟ್ಟಳು. ಆ ಗೋಡೆಯ ಪಕ್ಕದಲ್ಲಿ ನನಗೆ ನೀರು ಕೊಟ್ಟವರು ಅವಳಿಗಿಂತ ಮುಂಚೆ ಯಾರೂ ಇಲ್ಲ.

ನಾನು ಬರುವ ಮೊದಲು ಆಗಿದ್ದು ಇಷ್ಟು. ಡಾಕ್ಟರ್ ರಘುವೀರ ಮೈಸೂರಿನ ಕಡೆಯವರು. ಮೊನ್ನೆ ಬಂದ ಹೊಸಬರು. ಒಳ್ಳೆಯ ಹುಡುಗ.

"ಏನು ತೊಂದರೆ ಅಮ್ಮ?"

"ಭಾಳ ಸಂಕಟ ಆಗಾಕತ್ತೈತ್ರಿ."

ಡಾಕ್ಟರ ಕಣ್ಣು ತುಂಬಿತು! ಎದೆಗೆ ಸ್ಟೆತಸ್ಕೋಪ್ ಇಡಲಿಲ್ಲ. ಕೈ ಹಿಡಿದುಕೊಂಡರು.

"ಮನಸ್ಸು ಬಿಚ್ಚಿ ಹೇಳಿ. ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರಾ?"

ನಿದ್ದೆ ಮಾತ್ರೆ ಬರೆದರು. ಕಾಯಿಲೆಯ ಹೆಸರು... ಮನೆಯ ಬೇಸರ!

ಇದನ್ನು ಕೇಳಿದ ನಾನೂ ಕಮ್ಮಿಯವನಲ್ಲ. ತಲೆ ಓಡಿಸದೆ ಬಾಯಿ ಓಡಿಸಿದೆ.

"ತಂಗೀ, ಅತ್ತಿ ಕಾಲಿಗೆ ಬೀಳವಾ. ಎಲ್ಲಾ ಸರಿ ಹೊಕ್ಕೈತಿ."

ಪಾಪ, ವೈಶಾಲಿ ಬಿದ್ದೇಬಿಟ್ಟಳು! "ನಿನ್ನಿ ರೊಟ್ಟಿ ಹೊತ್ತಿದ್ದು ಖರೇರಿ ಅತ್ತಿ... ಮನಸಿಗೆ ಹಚ್ಗೋಬ್ಯಾಡ್ರಿ!"

ಪೈಲ್ವಾನನೂ ಬಿಕ್ಕಿದ. "ನಂದೂ ತಪ್ಪೈತಿ ಯವ್ವಾ. ನಾನ ಮೋತಿ ಗಂಟ ಹಾಕಿದ್ನಿ!"

ಇಂದ್ರವ್ವ ಸೊಸೆಯ ತಲೆ ನೇವರಿಸಿದಳು. ಫ್ಯಾನಿನ ಕೆಳಗೇ ಕೂತಿದ್ದರೂ ಹಣೆಯ ಬೆವರು ಕೊರಳಿಗೆ ಇಳಿಯುತ್ತಿತ್ತು. ನನ್ನತ್ತ ತಿರುಗಿದಳು.

"ಲೇ ಹುಚ್ಚಪ್ಯಾಲಿ! ನನ್ನ ಸೊಸಿ ಬಂಗಾರದಂಥಾಕಿ! ಸಂಕಟ ಎದ್ಯಾಗ ಐತಿ... ಮನ್ಯಾಗ ಇಲ್ಲ!"

ನಾನು ತಣ್ಣಗಾದೆ.

ಹುಟ್ಟಿದಾಗಿನಿಂದ ಕೇಳಿದ ಮಾತು! ನಮ್ಮ ಕಡೆ ಸಂಕಟ ಅಂದರೆ ಮೈಯ ಬಾಧೆ. ಹೊಟ್ಟೆ ತೊಳಸಿದರೂ ಸಂಕಟ, ಎದೆ ಹಿಂಡಿದರೂ ಸಂಕಟ. ಡಾಕ್ಟರು ಕೇಳಿಸಿಕೊಂಡದ್ದು ದುಃಖ. ಅವರು ಅತ್ತರು ಅಂತ ನಾವೆಲ್ಲ ಅತ್ತಿದ್ದೆವು!

"ಡಾಕ್ಟ್ರ... ಇದು ಅಳೂ ಸಂಕಟ ಅಲ್ರೀ. ಸಾಯೂ ಸಂಕಟ!"

ಅವರ ಮುಖ ಬಿಳಿಚಿತು. "ಇಸಿಜಿ! ಈಗಲೇ!"

ಮಷೀನು ಹೊಸ ಕೋಣೆಯಲ್ಲಿತ್ತು. ಬಾಗಿಲಿಗೆ ಕೆಂಪು ರಿಬ್ಬನ್. ರಿಬ್ಬನ್ನಿನ ಮುಂದೆ ಗೋಪಾಲರಾಯರು!

"ಯಾರೂ ಮುಟ್ಟಬ್ಯಾಡ್ರಿ! ಸೋಮವಾರ ಉದ್ಘಾಟನಾ ಐತಿ!"

"ಹಳೇ ಮಷೀನ್?"

"ಹೊಸಾದು ಬಂತಂತ ಹಳೇದು ಸಾಗಹಾಕೇವಿ!"

ರಿಬ್ಬನ್ ನೋಡಿದೆ. ಪೈಲ್ವಾನನನ್ನು ನೋಡಿದೆ.

"ಅಣ್ಣಾರ... ಉದ್ಘಾಟನಾ ಮಾಡ್ರಿ!"

ಒಂದೇ ಏಟು! ರಿಬ್ಬನ್ ಹೋಯಿತು. ಬಾಗಿಲೂ ಹೋಯಿತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು.

ಕಾಗದದ ಮೇಲೆ ಗೆರೆಗಳು ಮೂಡಿದವು. ಡಾಕ್ಟರು ಒಂದೇ ಮಾತು ಅಂದರು. "ಹಾರ್ಟ್ ಅಟ್ಯಾಕ್."

ಮಾತ್ರೆ ಜಗಿಸಿದರು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಮುಂದಿನ ಚಿಕಿತ್ಸೆ ಬಾಗಲಕೋಟೆಯಲ್ಲಿ. ಅಂಬ್ಯುಲೆನ್ಸ್ ಹಾರಿತು!

ಲೋಕಾಪುರದ ರಸ್ತೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್. ಅದರ ಹಾಡಿನ ಅಬ್ಬರಕ್ಕೆ ನಮ್ಮ ಸೈರನ್ ಸೊಳ್ಳೆ! ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದೆ.

"ದಾರಿ ಬಿಡೋ! ಎದಿ ಸಂಕಟ ಆಗೈತೋ!"

ಹಾಡು ನಿಂತಿತು. ಡ್ರೈವರ್ ಟ್ರ್ಯಾಕ್ಟರನ್ನು ಹೊಲದ ಕಡೆಗೆ ಇಳಿಸಿಯೇಬಿಟ್ಟ. ಟ್ರೇಲರ್ ವಾಲಿ ಕಬ್ಬು ದಬದಬ ಬಿತ್ತು. ಅವನು ಅದರತ್ತ ನೋಡಲಿಲ್ಲ. "ಹೋಗ್ರಿ, ಹೋಗ್ರಿ!" ಅಂತ ಕೈ ಬೀಸುತ್ತಿದ್ದ.

ಒಳಗೆ ಡಾಕ್ಟರು ಇಂದ್ರವ್ವನ ಕೈ ಹಿಡಿದಿದ್ದರು. ಈ ಸಲ ನಾಡಿ ನೋಡಲು.

"ತಪ್ಪಾಯಿತು ಅಮ್ಮ..."

"ಇರ್ಲಿ ತಮ್ಮಾ. ಮೋತಿ ಸಣ್ಣ ಮಾಡೀಯಲ್ಲ... ಉಂಡೀಯಿಲ್ಲ?"

ಡಾಕ್ಟರು ಮತ್ತೆ ಅತ್ತರು. ಈಗ ಅಳಲಿ ಬಿಡಿ ಅಂದುಕೊಂಡೆ.

ಬಾಗಲಕೋಟೆಯಲ್ಲಿ ಮುಚ್ಚಿದ ರಕ್ತನಾಳ ತೆರೆದರು. ಇಂದ್ರವ್ವ ಉಳಿದಳು. ಕೆಲವು ದಿನ ಕಳೆದ ಮೇಲೆ ಗೋಪಾಲರಾಯರ ಫೋನ್.

"ಮನಿಮಂದಿ ಸಮಾಧಾನ ಆಗ್ಯಾರಿಲ್ಲೋ?"

"ಆಗ್ಯಾರ್ರಿ."

"ಮತ್ತ ನಮ್ಮ ಮ್ಯಾಲೆ ಕಂಪ್ಲೇಂಟ್ ಕೊಟ್ಟವ್ರು ಯಾರಲೇ?"

"ಪೇಶಂಟ್ ರೀ."

"ಪೇಶಂಟಾ?! ಇಲ್ಲೀತನಾ ಪೇಶಂಟ್ ಯಾರೂ ಕೊಟ್ಟಿದ್ದಿಲ್ಲಲ್ಲೋ!"

"ಇಲ್ಲೀತನಾ ಯಾರೂ ಬದುಕಿದ್ದಿಲ್ಲಲ್ರೀ!"